ಎಂಟನೇ ಹೆನ್ರಿಗೆ ಅಕ್ಕತಂಗಿ ಇರಲಿಲ್ಲವೇ?

ನನ್ನ ಮುತ್ತಾತನ ಹೆಸರು ನನಗೆ ಗೊತ್ತಿಲ್ಲ. ತಾತನ ಹೆಸರು ಗೊತ್ತು, ಅದೂ ಅಪ್ಪನ ಇನಿಷಿಯಲ್ಲಿಗೆ ಅಂಟಿಕೊಂಡು ಬಂದದ್ದರಿಂದ. ಆದರೆ ಇಂಗ್ಲೆಂಡಿನ ರಾಜರನ್ನು ಕೇಳಿ, ಸಾವಿರದ ಅರವತ್ತಾರರ ವಿಲಿಯಂನಿಂದ ಹಿಡಿದು ಇವತ್ತಿನ ರಾಜನವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತೇನೆ. ಮೈಸೂರಿನಲ್ಲಿ ಬಿ.ಎ. ಓದುವಾಗ ಇಂಗ್ಲೆಂಡಿನ ಇತಿಹಾಸ ಅಂತ ಒಂದು ಪೇಪರ್ ಇತ್ತು. "ಅರ್ಥ ಆಮೇಲೆ ಆಗುತ್ತಪ್ಪ, ಮೊದಲು ಬಾಯಿಗೆ ಬರಲಿ" ಎನ್ನುತ್ತಿದ್ದರು ಮೇಷ್ಟ್ರು. ಬಾಯಿಗೆ ಬಂತು. ಅರ್ಥ ಆಗುವಷ್ಟರಲ್ಲಿ ನಾನು ಅಬುಧಾಬಿಗೆ ಬಂದು, ಏಸಿ ಬಿಡಿಭಾಗಗಳನ್ನು ತರಿಸುವ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ಕೂತಿದ್ದೆ. ಅಲ್ಲಿ ಕಂಪ್ರೆಸರ್ ಯಾವಾಗ ಬರುತ್ತದೆ ಎಂದು ಕೇಳುವವರಿದ್ದರೇ ಹೊರತು, ಮೂರನೇ ಎಡ್ವರ್ಡ್ ಆದಮೇಲೆ ಯಾರು ಎಂದು ಕೇಳುವ ಒಬ್ಬ ಪುಣ್ಯಾತ್ಮನೂ ಸಿಗಲಿಲ್ಲ. ಹದಿನೆಂಟು ವರ್ಷ ಕಾದೆ. ಮುಸಾಫಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಾಗ ಸ್ಟೇರಿಂಗಿಗೆ ಒಪ್ಪಿಸಿಕೊಳ್ಳುತ್ತಿದ್ದೆ, ಅಷ್ಟೇ.

ಕೊನೆಗೆ ಕೇಳುವ ಕಾಲ ಬಂದದ್ದು ಮಗಳ ದೆಸೆಯಿಂದ. ಅನಘಾಗೆ ಹನ್ನೆರಡು ವರ್ಷ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಇಂಡಿಯನ್ ಸ್ಕೂಲಿನಲ್ಲಿ ಚೆನ್ನಾಗಿಯೇ ಓದಿಕೊಂಡಿದ್ದ ಹುಡುಗಿಯನ್ನು ಆ ವರ್ಷ ಖಲೀಫಾ ಸಿಟಿಯ ಬ್ರಿಟಿಷ್ ಸ್ಕೂಲಿಗೆ ಹಾಕಿದ್ದೆವು. ಹಾಕಿಸಿದ್ದು ನಾನೇ. ಮೊದಲ ವಾರವೇ ಕ್ಲಾಸಿನಲ್ಲಿ ಅವಳು ಏನೋ ಓದಿ ಹೇಳಿದಾಗ ಅವಳ ಉಚ್ಚಾರಣೆಗೆ ಹಿಂದಿನ ಬೆಂಚಿನ ಇಬ್ಬರು ಕಿಸಕ್ಕೆಂದರಂತೆ. ಅಷ್ಟೇ, ಬಾಯಿಗೆ ಬೀಗ ಬಿತ್ತು. ಮನೆಯಲ್ಲೂ ಮಾತು ಕಡಿಮೆಯಾಯಿತು. ಪೇರೆಂಟ್ಸ್ ಮೀಟಿಂಗಿನಲ್ಲಿ ಅವಳ ಇತಿಹಾಸದ ಟೀಚರು, ಇಂಗ್ಲೆಂಡಿನವರೇ, ತುಂಬ ಒಳ್ಳೆಯ ಹೆಂಗಸು, "ನಿಮ್ಮ ಮಗಳು ಮುದ್ದಾದ ಹುಡುಗಿ, ಆದರೆ ಅವಳ ದನಿ ಹೇಗಿದೆ ಅಂತ ನನಗಿನ್ನೂ ಗೊತ್ತಿಲ್ಲ" ಎಂದರು. ನನ್ನ ಹೆಂಡತಿ ವಿನಯಾ ಕಾರಿನಲ್ಲಿ ಕೂತು ಕಣ್ಣೊರೆಸಿಕೊಂಡಳು. "ನಿಮ್ಗೆ ಎಂತಕ್ಕೆ ಬೇಕಿತ್ತು ಈ ಸ್ಕೂಲು?" ಎಂದಳು. ನಾನು ಕಾರು ಸ್ಟಾರ್ಟ್ ಮಾಡಿದೆ. ಮಗು ಹೀಗೇ ಮುದುರಿಕೊಂಡು ಬೆಳೆದುಬಿಟ್ಟರೆ ಗತಿಯೇನು ಎಂದು ನನಗೂ ಚಿಂತೆ.

ಇಂಥ ಹೊತ್ತಿನಲ್ಲಿ ಸ್ಕೂಲಿನಿಂದ ಚೀಟಿ ಬಂತು. ಬರುವ ಗುರುವಾರ ತಂದೆತಾಯಿಯರ ಎದುರಿಗೆ ಪ್ರತಿಯೊಂದು ಮಗುವೂ ಐದು ನಿಮಿಷ ಮಾತಾಡಬೇಕು. ಅನಘಾಗೆ ಬಂದ ವಿಷಯ: ಗಂಡುಮಗುವಿಗಾಗಿ ಎಂಟನೇ ಹೆನ್ರಿ ಅಷ್ಟೆಲ್ಲ ಪಾಡುಪಟ್ಟದ್ದು ಸರಿಯೇ? ಚೀಟಿ ಓದಿ ಅವಳ ಮುಖ ಬಾಡಿತು, ನನ್ನ ಮುಖ ಅರಳಿತು. "ನೀನೇನೂ ಹೆದರಬೇಡ, ನಾನಿದ್ದೀನಿ" ಎಂದು ಆವತ್ತು ಸಂಜೆಯೇ ನಾಲ್ಕು ಪುಟ ಬರೆದು ಕೊಟ್ಟೆ. ಅದರಲ್ಲಿ ಎರಡೂವರೆ ಪುಟ ಹೆನ್ರಿಗಿಂತ ಹಿಂದಿನ ರಾಜರೇ ಇದ್ದರು. ಬುಡದಿಂದ ಬರಬೇಡವೇ? ಮನೆಯ ಹಾಲ್‌ನಲ್ಲಿ ರಿಹರ್ಸಲ್ ಶುರುವಾಯಿತು. ನಾನು ಸೋಫಾದಲ್ಲಿ ಕಾಲಮೇಲೆ ಕಾಲು ಹಾಕಿ ಕೂತೆ. ಅವಳು ಟಿವಿ ಮುಂದೆ ನಿಂತು "ವಿಲಿಯಂ... ವಿಲಿಯಂ..." ಎಂದು ಅಲ್ಲೇ ನಿಂತುಬಿಟ್ಟಳು. ಮೂರು ದಿನವಾದರೂ ಎರಡನೇ ವಿಲಿಯಂನನ್ನು ದಾಟಲಿಲ್ಲ. ನಾನು ಗದರಿದೆ, ಆಮೇಲೆ ಗದರಿದ್ದಕ್ಕೆ ನನ್ನನ್ನೇ ಬೈದುಕೊಂಡೆ, ಆಮೇಲೆ ಮತ್ತೆ ಗದರಿದೆ.

ಈಗ ನಮ್ಮ ಅತ್ತೆಯ ವಿಷಯ ಹೇಳಬೇಕು. ಮಗಳ ಮನೆ ನೋಡಲು ಉಡುಪಿ ಕಡೆಯಿಂದ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದಿದ್ದರು. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಅವರದು ಅಳಿಯಸಂತಾನ ಕಟ್ಟಿನ ಮನೆತನ. ಮೈಸೂರು ಕಡೆಯವನಾದ ನನಗೆ ಇದು ತಲೆಗೆ ಹತ್ತಲು ಮದುವೆಯಾದ ಮೇಲೆ ಎರಡು ವರ್ಷ ಹಿಡಿಯಿತು. ಅಲ್ಲಿ ಕುಟುಂಬವನ್ನು ಎಣಿಸುವುದು ತಾಯಿಯಿಂದ. ಮನೆ, ಯಜಮಾನಿಕೆ ಎಲ್ಲ ಗಂಡಸಿನಿಂದ ಅವನ ಮಗನಿಗೆ ಹೋಗುವುದಿಲ್ಲ, ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಅವನ ಸ್ವಂತ ಮಕ್ಕಳು ಅವರ ತಾಯಿಯ ಕುಟುಂಬಕ್ಕೆ ಸೇರಿದವರು, ಅವನು ತನ್ನ ತಾಯಿಯ ಕುಟುಂಬಕ್ಕೆ. ಸರ್ಕಾರದ ಕಾನೂನು ಎಂದೋ ಬದಲಾಯಿತು ಅನ್ನಿ. ಆದರೆ ಅತ್ತೆಯ ತಲೆಯೊಳಗಿನ ಕಾನೂನಿಗೆ ಯಾವ ಸರ್ಕಾರವೂ ತಿದ್ದುಪಡಿ ತಂದಿಲ್ಲ. ಅವರು ತಮ್ಮ ತಾಯಿ, ಆ ತಾಯಿಯ ತಾಯಿ ಎಂದು ಏಳು ತಲೆಮಾರಿನ ಹೆಂಗಸರ ಹೆಸರನ್ನು ಅಕ್ಕಿ ಆರಿಸುತ್ತಲೇ ಹೇಳುತ್ತಾರೆ.

ಆ ಮೂರನೇ ದಿನ ಅತ್ತೆ ಅಡುಗೆಮನೆಯಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದರು. ಹಾಲ್‌ನಲ್ಲಿ ನಮ್ಮ ರಿಹರ್ಸಲ್ ಎಂದಿನಂತೆ ನಿಂತುಹೋಗಿತ್ತು. ಅತ್ತೆ ಅಲ್ಲಿಂದಲೇ, "ಎಂತ ಮಗಾ, ಯಾರದ್ದು ಅದು ಕತೆ?" ಎಂದರು. ಅನಘಾ ಅರೆಬರೆ ಕನ್ನಡದಲ್ಲಿ ಹೇಳಿದಳು. ಒಬ್ಬ ರಾಜ, ಅವನಿಗೆ ಗಂಡುಮಗು ಬೇಕಿತ್ತು, ಅದಕ್ಕೆ ಆರು ಮದುವೆಯಾದ, ಇಬ್ಬರು ಹೆಂಡತಿಯರ ತಲೆ ತೆಗೆಸಿದ. ಅತ್ತೆಯ ಕತ್ತಿ ನಿಂತಿತು.

"ಅಯ್ಯೋ ದೇವರೆ! ಅವನಿಗೆ ಅಕ್ಕತಂಗಿ ಇರ್ಲಿಲ್ವಾ?"

ನಾನು ಬೆಪ್ಪಾದೆ. ಮೇಷ್ಟ್ರು ಅದನ್ನು ಬರೆಸಿರಲಿಲ್ಲ. ಗೈಡಿನಲ್ಲೂ ಇರಲಿಲ್ಲ. ಆದರೆ ಅತ್ತೆಯ ಮುಂದೆ ಗೊತ್ತಿಲ್ಲ ಎನ್ನಲು ಯಾವ ಅಳಿಯನಿಗೆ ಮನಸ್ಸು ಬರುತ್ತದೆ? "ಇರ್ಲಿಲ್ಲ ಅತ್ತೆ" ಎಂದೆ ಗತ್ತಿನಿಂದ. ಅನಘಾ ಟ್ಯಾಬ್ ತೆಗೆದು ಎರಡು ಸಲ ಬೆರಳಾಡಿಸಿದಳು. "ಅಪ್ಪಾ, ಹಿ ಹ್ಯಾಡ್ ಟೂ! ಮಾರ್ಗರೆಟ್ ಅಂತ ಅಕ್ಕ, ಮೇರಿ ಅಂತ ತಂಗಿ. ಅಕ್ಕನಿಗೆ ಮಗ ಕೂಡ ಇದ್ದ!"

"ಮತ್ತೆ?" ಅತ್ತೆ ಕೈ ತೊಳೆದುಕೊಂಡು ಹೊರಗೇ ಬಂದರು. "ಅಕ್ಕನಿಗೆ ಮಗ ಉಂಟು ಅಂತಾದ್ರೆ ಇವನಿಗೆ ಎಂತ ಬೇನೆ? ಸುಮ್ನೆ ಎಂತಕ್ಕೆ ಅಷ್ಟು ಹುಡುಗಿಯರ ಬಾಳು ಹಾಳು ಮಾಡಿದ್ದು ಅವ? ಅವನಿಗೆ ತಲೆ ಸಮ ಇಲ್ಲ."

ಇತಿಹಾಸಕ್ಕಾದ ಈ ಅವಮಾನವನ್ನು ಸಹಿಸದೆ ನಾನು ಮಧ್ಯೆ ಬಾಯಿ ಹಾಕಿದೆ. ಅದೆಲ್ಲ ಹಾಗಲ್ಲ ಅತ್ತೆ, ಅಕ್ಕತಂಗಿಯರ ಮಕ್ಕಳು ಬಂದರೆ ಅಲ್ಲಿ ಯುದ್ಧವೇ ಆಗುತ್ತದೆ, ಹಿಂದೊಮ್ಮೆ ಆಗಿದೆ ಎಂದೆ. ಮೊದಲನೇ ಹೆನ್ರಿ ಅಂತ ಒಬ್ಬನಿದ್ದ. ಅವನ ಪಟ್ಟಕ್ಕೆ ಬರಬೇಕಿದ್ದ ಮಗ ಹಡಗು ಮುಳುಗಿ ಸತ್ತ. ಮಗಳು ಮಟಿಲ್ಡಾಗೇ ಪಟ್ಟ ಅಂತ ಎಲ್ಲರಿಂದ ಆಣೆ ಮಾಡಿಸಿಕೊಂಡು ರಾಜ ತೀರಿಕೊಂಡ. ಅವನ ಅಕ್ಕನ ಮಗ ಸ್ಟೀಫನ್ ಓಡಿಬಂದು ಕಿರೀಟ ಹಾಕಿಕೊಂಡುಬಿಟ್ಟ. ವರ್ಷಗಟ್ಟಲೆ ಹೊಡೆದಾಟ. ಇಷ್ಟು ಹೇಳಿ, ನೋಡಿ ಈಗ ಎನ್ನುವಂತೆ ಕೂತೆ.

"ಸ್ಟೀಫನ್ ಮಾಡಿದ್ದು ಸಮ" ಎಂದರು ಅತ್ತೆ.

"ಅಜ್ಜೀ! ದಟ್ಸ್ ನಾಟ್ ಫೇರ್!" ಅನಘಾ ಕಿರುಚಿದಳು. "ಅವ್ಳಪ್ಪ ಪ್ರಾಮಿಸ್ ಮಾಡಿದ್ರು!"

"ಅಪ್ಪ ಯಾರು ಮಾರಾಯ್ತಿ ಕೊಡ್ಲಿಕ್ಕೆ? ಅದು ಅವನ ಅಕ್ಕನ ಮಕ್ಕಳದ್ದು. ಅವಳಿಗೆ ಅವಳ ಅಮ್ಮನ ಮನೆದು ಇಲ್ವಾ? ಅಮ್ಮ ಎಲ್ಲಿಯವಳು?"

ಮತ್ತೆ ಟ್ಯಾಬ್. ಮಟಿಲ್ಡಾಳ ಅಮ್ಮ ಸ್ಕಾಟ್ಲೆಂಡಿನ ರಾಜನ ಮಗಳಂತೆ.

"ಹಾಗಾದ್ರೆ ಸ್ಕಾಟ್ಲೆಂಡಿಗೆ ಹೋಗಿ ಕೇಳ್ಲಿ. ಇಲ್ಲಿ ಎಂತ ಉಂಟು ಅವಳಿಗೆ?"

ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಮಟಿಲ್ಡಾಳ ಪರ ನಿಂತಳು. ಅಜ್ಜಿ ಸ್ಟೀಫನ್ ಪಕ್ಷ. ಮೀನು ಅಲ್ಲೇ ಉಳಿಯಿತು. ಅತ್ತೆ ಡಬ್ಬ ತೆಗೆದು ಮೇಜಿನ ಮೇಲೆ ವಂಶವೃಕ್ಷ ಜೋಡಿಸಿದರು. ಹೆಂಗಸರೆಲ್ಲ ಖರ್ಜೂರ, ಗಂಡಸರೆಲ್ಲ ಗೋಡಂಬಿ. ಎಂಟನೇ ಹೆನ್ರಿ ಒಂದು ಗೋಡಂಬಿ, ಸುತ್ತ ಆರು ಖರ್ಜೂರ. ಅದನ್ನು ನೋಡಿ ವಿನಯಾ, "ಇವನ ಒಂದು ಹೆಂಡತಿಯನ್ನು ನಾನು ತಿನ್ಲಾ?" ಎಂದಳು. ನಾನು ಚಹಾ ಕುಡಿಯುತ್ತ ಯಾವುದೋ ಧ್ಯಾನದಲ್ಲಿ ಸ್ಟೀಫನ್‌ನನ್ನು ಬಾಯಿಗೆ ಹಾಕಿಕೊಂಡುಬಿಟ್ಟೆ. ಅದಕ್ಕೊಂದು ರಂಪ. ಸದ್ದು ಎಷ್ಟಾಯಿತೆಂದರೆ, ನಮ್ಮ ವಿಲ್ಲಾದ ಕೆಳಗಿನ ಭಾಗದಲ್ಲಿರುವ ಈಜಿಪ್ಟಿನ ಮಹಾಶಯರು ಮೇಲೆ ಬಂದು ಬಾಗಿಲು ತಟ್ಟಿ, ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು. "ಏನಿಲ್ಲ, ಇಂಗ್ಲೆಂಡಿನ ಗಲಾಟೆ" ಎಂದೆ. ಅವರು ನಿಟ್ಟುಸಿರು ಬಿಟ್ಟು, "ಆಲ್ವೇಸ್, ಮೈ ಫ್ರೆಂಡ್, ಆಲ್ವೇಸ್" ಎಂದು ಇಳಿದುಹೋದರು. ಬಾಗಿಲು ಹಾಕಿ ಬರುವಾಗ ನನಗೆ ಹೊಳೆಯಿತು, ಅನಘಾ ಒಂದು ಗಂಟೆಯಿಂದ ಬಾಯಿ ಮುಚ್ಚಿಲ್ಲ.

ಗುರುವಾರ ಅರ್ಧ ದಿನ ರಜೆ ಹಾಕಿ ಹೋದೆ. ಅತ್ತೆ ಇಸ್ತ್ರಿಯ ಸೀರೆ ಉಟ್ಟು, ಮಲ್ಲಿಗೆ ಮುಡಿದು, ವಿಸಿಟರ್ ಕಾರ್ಡನ್ನು ಪದಕದ ಹಾಗೆ ಕೊರಳಿಗೆ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತರು. ನನ್ನ ಪಕ್ಕದಲ್ಲಿ ಒಬ್ಬ ಇಂಗ್ಲಿಷ್ ತಂದೆ. ಮಾತಿಗೆ ಮಾತು ಬೆಳೆಸಿ, ಮೂರನೇ ಎಡ್ವರ್ಡ್ ಆದಮೇಲೆ ಯಾರು ಗೊತ್ತೇ ಎಂದು ನಾನೇ ಕೇಳಿದೆ. ಅವನು ಪ್ರಾಮಾಣಿಕವಾಗಿ ಯೋಚಿಸಿ, "ನಾಲ್ಕನೇ ಎಡ್ವರ್ಡಾ?" ಎಂದ. ಎರಡನೇ ರಿಚರ್ಡ್ ಎಂದು ತಿದ್ದಿದಾಗ ನನಗಾದ ಸುಖವನ್ನು ಹೇಗೆ ಹೇಳಲಿ! ಆ ಸುಖ ಪೂರ್ತಿ ಇಳಿಯುವ ಮೊದಲೇ ಅನಘಾಳ ಹೆಸರು ಕರೆದರು.

ಅವಳು ಎದ್ದು ಹೋಗಿ ನಿಂತಳು. ಕೈಯಲ್ಲಿ ನನ್ನ ನಾಲ್ಕು ಪುಟ. ಬಾಯಿ ತೆರೆದಳು, ಮುಚ್ಚಿದಳು. ಹಿಂದಿನ ಬೆಂಚಿನ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಕೂತಲ್ಲಿಂದಲೇ ತುಟಿಯಾಡಿಸಿ "ವಿಲಿಯಂ, ವಿಲಿಯಂ" ಎನ್ನುತ್ತಿದ್ದೆ. ಅವಳು ನನ್ನನ್ನು ನೋಡಿದಳು, ಆಮೇಲೆ ಅಜ್ಜಿಯನ್ನು ನೋಡಿದಳು. ಅತ್ತೆ ಗಲ್ಲ ಮೇಲೆತ್ತಿ, ಬಾ ನೋಡುವ ಎಂದು ಜಗಳಕ್ಕೆ ಕರೆಯುವವರ ಹಾಗೆ ಹುಬ್ಬು ಹಾರಿಸಿದರು. ಅನಘಾ ನಾಲ್ಕು ಪುಟವನ್ನೂ ಮೇಜಿನ ಮೇಲೆ ಕವುಚಿ ಹಾಕಿದಳು.

"ನನ್ನ ಅಜ್ಜಿಯ ಒಂದು ಪ್ರಶ್ನೆಯಿದೆ" ಎಂದಳು. ಎಲ್ಲ ಇಂಗ್ಲಿಷಿನಲ್ಲೇ, ಅವಳದೇ ಉಚ್ಚಾರಣೆಯಲ್ಲಿ. "ಎಂಟನೇ ಹೆನ್ರಿಗೆ ಅಕ್ಕತಂಗಿ ಇರಲಿಲ್ಲವೇ?"

ಅವಳು ಚೀಲದಿಂದ ಖರ್ಜೂರ, ಗೋಡಂಬಿ ತೆಗೆದು ಮೇಜಿನ ಮೇಲೆ ಜೋಡಿಸುತ್ತ ಹೋದಳು, ಮಕ್ಕಳೆಲ್ಲ ಎದ್ದು ಮೇಜಿನ ಸುತ್ತ ಬಂದರು. ಹೆನ್ರಿ ಆರು ಮದುವೆಯಾದ, ಮೂವರು ಮಕ್ಕಳು ಉಳಿದರು, ಮೂವರಿಗೂ ಪಟ್ಟವಾಯಿತು, ಒಬ್ಬರಿಗೂ ಮಕ್ಕಳಾಗಲಿಲ್ಲ. ಅಕ್ಕನ ಕಡೆಯವರು ಬರಬಾರದು ಎಂದು ಅವನು ಉಯಿಲಿನಲ್ಲಿ ಅವರನ್ನು ಬಿಟ್ಟೇಬಿಟ್ಟಿದ್ದ. ಆದರೆ ಅವನ ಮಕ್ಕಳಲ್ಲಿ ಕೊನೆಗೆ ಆಳಿದ ಎಲಿಜಬೆತ್ ತೀರಿಕೊಂಡ ದಿನ ಕಿರೀಟ ಹೋದದ್ದು ಯಾರಿಗೆ? ಅದೇ ಅಕ್ಕನ ಮರಿಮೊಮ್ಮಗ ಜೇಮ್ಸ್‌ಗೆ. ಇವತ್ತಿಗೂ ಅದು ಆ ಅಕ್ಕನ ಸಂತತಿಯಲ್ಲೇ ಇದೆ. "ನಮ್ಮ ಮನೆಯಲ್ಲಿ ಇದನ್ನು ಮೊದಲೇ ಮಾಡ್ತಾರೆ" ಎಂದಳು ಅನಘಾ. "ಹೆನ್ರಿ ನಮ್ಮ ಅಜ್ಜಿಯನ್ನು ಕೇಳಿದ್ದರೆ ಒಂದೇ ಮದುವೆಯಲ್ಲಿ ಮುಗೀತಿತ್ತು. ಈಗ ಇಂಗ್ಲೆಂಡಿನವರೂ ಕಾನೂನು ಬದಲಿಸಿ, ಅಕ್ಕ ಮೊದಲು ಹುಟ್ಟಿದರೆ ತಮ್ಮನಿಗಿಂತ ಅವಳೇ ಮುಂದೆ ಅಂತ ಮಾಡಿದ್ದಾರೆ. ತಡವಾದರೂ ಪರವಾಗಿಲ್ಲ, ಬುದ್ಧಿ ಬಂತಲ್ಲ ಅಂತಾರೆ ಅಜ್ಜಿ."

ಜೇಮ್ಸ್‌ಗೂ ಆ ಅಕ್ಕನಿಗೂ ನಡುವೆ ಒಬ್ಬ ಗಂಡಸು ಬಂದಿದ್ದಾನೆ, ಶುದ್ಧ ಅಳಿಯಸಂತಾನದ ಪ್ರಕಾರ ಇದು ಸರಿಹೋಗುವುದಿಲ್ಲ ಎಂದು ನಾನು ವಿನಯಾಳ ಕಿವಿಯಲ್ಲಿ ಉಸುರಿದೆ. "ರೀ, ಈಗ ನೀವು ಬಾಯಿ ಮುಚ್ಚಿ" ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಬೆಂಚಿನ ಆ ಇಬ್ಬರು ಎಲ್ಲರಿಗಿಂತ ಮೊದಲು ಕೈ ಎತ್ತಿ ಪ್ರಶ್ನೆ ಕೇಳಿದರು. ಮಟಿಲ್ಡಾ ವಿಷಯದಲ್ಲಿ ಮಾತ್ರ ತನಗೂ ಅಜ್ಜಿಗೂ ಇನ್ನೂ ಜಗಳ ಇದೆ ಎಂದು ಅವಳು ಹೇಳಿದಾಗ ಹುಡುಗಿಯರೆಲ್ಲ ಮಟಿಲ್ಡಾ ಕಡೆ, ಒಬ್ಬ ಹುಡುಗ ಸ್ಟೀಫನ್ ಕಡೆ ಆಗಿ ಕ್ಲಾಸೇ ಎರಡು ಹೋಳಾಯಿತು. ಅವಳು ಎಲ್ಲರಿಗೂ ಉತ್ತರ ಕೊಟ್ಟಳು. ಗಂಟೆ ಹೊಡೆದರೂ ಕೊಡುತ್ತಿದ್ದಳು. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಶರಟಿನ ಗುಂಡಿಗೆ ಕಷ್ಟವಾಯಿತು. ಇಡೀ ಇಂಗ್ಲೆಂಡನ್ನು ನಾನೇ ಗೆದ್ದ ಹಾಗೆ.

ಟೀಚರು ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡರು. "ಎಷ್ಟು ಚೆನ್ನಾಗಿದೆ ನಿನ್ನ ದನಿ! ನಿನ್ನ ಕುಟುಂಬದವರನ್ನು ನನಗೆ ಪರಿಚಯ ಮಾಡಿಸು" ಎಂದರು. ಅನಘಾ ಅಜ್ಜಿಯ ಕೈ ಹಿಡಿದು, "ಇವರು ನಮ್ಮ ಕುಟುಂಬದ ಹಿರಿಯರು" ಎಂದಳು. ಅಮ್ಮನನ್ನು ತೋರಿಸಿ, "ಅವರಾದ ಮೇಲೆ ಇವರು" ಎಂದಳು. ನಾನು ಟೈ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ. "ಇವರು?" ಎಂದರು ಟೀಚರು. ಅನಘಾ ಒಂದು ಗಳಿಗೆ ನನ್ನನ್ನೇ ನೋಡಿ ಯೋಚಿಸಿದಳು. ಆಮೇಲೆ ಅಷ್ಟು ಜನರ ಎದುರು, ಸ್ವಲ್ಪವೂ ತಡವರಿಸದೆ, ಕ್ಲಾಸಿನ ಆ ಕೊನೆಗೂ ಕೇಳುವ ಹಾಗೆ ಹೇಳಿದಳು:

"ಇವರು ನಮ್ಮಪ್ಪ, ಮಿಸ್. ನಮ್ಮ ಕುಟುಂಬದವರಲ್ಲ. ಆದರೆ ನಮ್ಮ ಜೊತೆಗೇ ಇರ್ತಾರೆ."

ಎಲ್ಲರೂ ಹೋ ಎಂದು ನಕ್ಕರು. ಏನು ಹೇಳಿದಳೆಂದು ವಿನಯಾ ತನ್ನ ಅಮ್ಮನಿಗೆ ವಿವರಿಸಿದಳು. ಅತ್ತೆ ನಗಲಿಲ್ಲ. ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ಮಗು ಹೇಳಿದ್ದು ಸಮವೇ ಅಲ್ವಾ?" ಎಂದರು.

ಹೌದು ಎಂದೆ. ಅವರು ಮೂವರೂ ಅಲ್ಲೇ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಕಾರು ತರಲು ಹೋದೆ.