ಕೈ ಕಂಡರೆ ಹೆದರುವ ಬಾಮೈದ

ನನ್ನ ಬಾಮೈದನ ನೀಲಿ ಕೈಗವಸಿಗೆ ನಾನು ತೆತ್ತ ಬೆಲೆ ಒಂದು ಒಳ್ಳೆಯ ಸಂಬಂಧ ಮತ್ತು ಅರಿಶಿನಕುಂಟೆಗೆ ಹೋಗಿಬಂದ ಕಾರಿನ ಬಾಡಿಗೆ. ತಳ್ಳುಗಾಡಿಯಲ್ಲಿ ಟೊಮೆಟೊ ಮಾರುತ್ತಾ ಶುರುಮಾಡಿ ಇವತ್ತು ಹೊಸಕೋಟೆಯಲ್ಲಿ ಸ್ವಂತ ತರಕಾರಿ ಮಂಡಿ ಇಟ್ಟಿರುವ ನಾನು ಇಂಥ ನಷ್ಟದ ವ್ಯಾಪಾರವನ್ನು ಇನ್ನೊಂದು ಮಾಡಿಲ್ಲ. ಯಾಕೆ ಹೀಗಾಯಿತು ಎಂದು ಹೇಳುತ್ತೇನೆ. ನಿಮಗೂ ಉಪಯೋಗಕ್ಕೆ ಬರಬಹುದು.

ನನ್ನ ಹೆಂಡತಿಯ ಈ ತಮ್ಮ ವಿಜ್ಞಾನಿ. ದೇವನಹಳ್ಳಿ ಕಡೆಯ ಒಂದು ಪ್ರಯೋಗಾಲಯದಲ್ಲಿ ಮಿದುಳಿನ ಕಾಯಿಲೆಗೆ ಆರ್‌ಎನ್‌ಎ ಔಷಧಿ ಮಾಡುತ್ತಾನೆ. ಹಾಗೆಂದರೇನು ಎಂದು ನಾನೂ ಕೇಳಿದ್ದೆ.

"ನೋಡಿ ಭಾವ, ಜೀವಕೋಶದೊಳಗೆ ಒಬ್ಬ ಯಜಮಾನ ಕೂತಿರ್ತಾನೆ. ಅವನ ಮಾತನ್ನ ಹೊರಗಡೆ ಕೆಲಸದವ್ರಿಗೆ ಮುಟ್ಟಿಸೋದು ಆರ್‌ಎನ್‌ಎ. ಯಜಮಾನನ ತಲೆ ಕೆಟ್ಟಿದ್ರೆ ಕೆಟ್ಟ ಮಾತೇ ಬರುತ್ತೆ, ಕೆಟ್ಟ ಸರಕೇ ತಯಾರಾಗುತ್ತೆ. ನಮ್ಮ ಔಷಧಿ ಹೋಗಿ ಆ ಮಾತನ್ನ ಮಧ್ಯದಲ್ಲೇ ತಡೆಯುತ್ತೆ."

"ಅಂದ್ರೆ ದಲ್ಲಾಳಿ ಬಾಯಿ ಮುಚ್ಚಿಸೋದು?"

"ಹೂಂ, ಹಂಗೇ ಅನ್ಕೊಳ್ಳಿ."

ನಾನೂ ದಲ್ಲಾಳಿಯೇ. ಆದರೂ ಬೇಜಾರು ಮಾಡಿಕೊಳ್ಳಲಿಲ್ಲ. ಕಾರಣ ನನ್ನ ಅತ್ತೆ, ಅಂದರೆ ಅವನ ತಾಯಿ. ತಾಯಿ ಮಗ ಇಬ್ಬರೂ ಈಗ ನಮ್ಮ ಜೊತೆಯೇ ಇದ್ದಾರೆ. ಅತ್ತೆಗೆ ಮಿದುಳಿನ ಹಿಂಭಾಗ ಸವೆಯುತ್ತಾ ಹೋಗುವ ಕಾಯಿಲೆ. ನಡೆದರೆ ತೂರಾಡುತ್ತಾರೆ, ಕೈ ಹೇಳಿದ ಕಡೆ ಹೋಗುವುದಿಲ್ಲ. ಅವರ ಊರು ಜಡಿಗೇನಹಳ್ಳಿಯಲ್ಲಿ ಮೊದಮೊದಲು 'ಆವಮ್ಮ ಕುಡಿಯೋದು ಕಲ್ತವ್ಳೆ' ಎಂದು ಸುದ್ದಿ ಹಬ್ಬಿತ್ತು. ಮಜ್ಜಿಗೆಯನ್ನೂ ನೀರು ಮಾಡಿಕೊಂಡು ಕುಡಿಯುವ ಹೆಂಗಸು! ಬಾಮೈದ ಮಾಡುತ್ತಿರುವುದು ಅದೇ ಕಾಯಿಲೆಯ ಔಷಧಿ. ಎಷ್ಟು ಕಾಲ ಬೇಕು ಎಂದು ಕೇಳಿದೆ.

"ಈಗ ಇದೇ ಕಾಯಿಲೆ ಇರೋ ಇಲಿಗೆ ಕೊಡ್ತಿದ್ದೀವಿ. ಆಮೇಲೆ ದೊಡ್ಡ ಪ್ರಾಣಿ, ಆಮೇಲೆ ಜನ. ಎಲ್ಲಾ ಸರಿಹೋದ್ರೆ ಹತ್ತು ವರ್ಷ."

"ಐದಕ್ಕೆ ಮಾಡ್ಕೊ."

"ಭಾವ, ಇದು ಕೊತ್ತಂಬರಿ ಕಟ್ಟಲ್ಲ."

"ಆಯ್ತು, ಏಳು. ನಂದೂ ಬೇಡ, ನಿಂದೂ ಬೇಡ."

ಒಳಗೆ ಅತ್ತೆಯ ಕೈಯಿಂದ ಲೋಟ ಬಿದ್ದ ಸದ್ದಾಯಿತು.

ಈ ಆರ್‌ಎನ್‌ಎ ಮಹಾ ನಾಜೂಕಂತೆ. ನಮ್ಮ ಕೈಮೇಲೆ, ಎಂಜಲಿನಲ್ಲಿ ಇರುವ ಏನೋ ಒಂದು ತಾಗಿದರೆ ಸಾಕು, ಚೂರುಚೂರು. ಆದ್ದರಿಂದ ಬರಿಗೈಯಲ್ಲಿ ಮುಟ್ಟುವಂತಿಲ್ಲ, ತೆರೆದಿಟ್ಟ ಕೊಳವೆಯ ಮೇಲೆ ಮಾತಾಡುವಂತಿಲ್ಲ. ಸರಿ, ಅಲ್ಲಿಗೆ ಅದು ಬೇಕು. ಇವನು ಆ ಮಡಿಯನ್ನು ಮನೆಗೂ ತಂದ. ಗೇಟು ತೆಗೆಯಲು ಕೈಗವಸು, ಪೇಪರು ಓದಲು ಕೈಗವಸು. ಹೋಗಲಿ, ರಾಗಿಮುದ್ದೆಯನ್ನು ಸ್ಪೂನಿನಲ್ಲಿ ತಿನ್ನುವವನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಒಂದು ಬೆಳಿಗ್ಗೆ ಕೈಗವಸು ತೊಟ್ಟೇ ಮಂಡಿಗೆ ಬಂದ. ಒಂದು ಬದನೆಕಾಯಿ ಎತ್ತಿ ಬೆಳಕಿಗೆ ಹಿಡಿದು ನೋಡಿದ, ಅಷ್ಟೆ. ಪಕ್ಕದ ಮಂಡಿಯವನು ತನ್ನ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಗಡಿಬಿಡಿಯಲ್ಲಿ ಸೊನ್ನೆಗೆ ತಂದ. ಅವನ ಪಕ್ಕದವನು ಷಟರ್ ಎಳೆದ. "ಯಾರಣ್ಣ ಇವ್ರು, ತೂಕದ ಡಿಪಾರ್ಟ್‌ಮೆಂಟಿನವ್ರಾ?" ಎಂದು ನನ್ನ ಕಿವಿಯಲ್ಲಿ ಕೇಳಿದ ಮೂರನೆಯವನು, ಆವತ್ತು ಬೀನ್ಸನ್ನು ನಾನು ಹೇಳಿದ ರೇಟಿಗೇ ಕೊಟ್ಟ. ಮುಂದಿನ ವಾರವೂ ಬಾರಪ್ಪ ಎಂದು ಬಾಮೈದನನ್ನು ಕರೆದದ್ದು ತಪ್ಪೇ?

ಅರಿಶಿನಕುಂಟೆಯಲ್ಲಿ ಮಾತ್ರ ಲೆಕ್ಕ ತಲೆಕೆಳಗಾಯಿತು. ಅವನಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಳು. ಇವನು ಕೈಗವಸಿನಲ್ಲೇ ಲೋಟ ಎತ್ತಿಕೊಂಡ. ಅದನ್ನು ಹುಡುಗಿ ಮನೆಯವರು ಹೇಗೋ ನುಂಗಿಕೊಂಡರು. "ಸಕ್ಕರೆ ಸಾಕಾ?" ಎಂದು ಅವಳು ಕೇಳಿದಾಗ ಇವನು ಮುಖವನ್ನು ಪೂರ್ತಿ ಗೋಡೆ ಕಡೆ ತಿರುಗಿಸಿ, ಅಲ್ಲಿದ್ದ ಕ್ಯಾಲೆಂಡರಿಗೆ "ಸಾಕು, ಥ್ಯಾಂಕ್ಸ್" ಎಂದ. ತಟ್ಟೆ ಮುಂದಿದ್ದಷ್ಟು ಹೊತ್ತೂ ಎಲ್ಲ ಪ್ರಶ್ನೆಗೂ ಕ್ಯಾಲೆಂಡರಿಗೇ ಉತ್ತರ. ಹೊರಡುವಾಗ ಹುಡುಗಿಯ ತಂದೆ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಹುಡುಗನಿಗೆ ನಮ್ಮ ಹುಡುಗಿಗಿಂತ ನಮ್ಮ ಗೋಡೆ ಹಿಡಿಸ್ದಂಗದೆ ಕಣ್ರೀ" ಎಂದರು.

ಕಾರಿನಲ್ಲಿ ನಾನು ಸುಮ್ಮನಿರುತ್ತೇನೆಯೇ? "ಲೇ, ಮುಖ ಯಾಕಲಾ ತಿರುಗಿಸ್ದೆ?"

"ಎಂಜಲು ಹಾರುತ್ತಲ್ಲ ಭಾವ. ಪಾಪ, ಅವರ ಕಾಫಿ."

ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನವೇ ಮನೆಗೆ ಬಂದ. ಬ್ಯಾಗು ಕೂಡ ಕೆಳಗಿಡದೆ, ಊಟ ಮಾಡುತ್ತಿದ್ದ ಅತ್ತೆಯ ಎದುರು ಕೂತ. ತಿಂಗಳುಗಟ್ಟಲೆ ಕೂತು ಮಾಡಿದ ಔಷಧಿ ಇಲಿಗಳಲ್ಲಿ ಕೆಲಸ ಮಾಡಿಲ್ಲ, ಮತ್ತೆ ಮೊದಲಿನಿಂದ ಎಂದು ನನಗೆ ಆಗಲೇ ಫೋನಿನಲ್ಲಿ ಹೇಳಿದ್ದ. ಅತ್ತೆಗೆ ಹೇಳುವುದು ಹೇಗೆ? ಅವರು ದಿನವೂ ಕೇಳುವುದನ್ನೇ ಕೇಳಿದರು.

"ಇಲಿ ಹೆಂಗದೆ ಮಗಾ?"

"ಇನ್ನೂ ತೂರಾಡ್ತದೆ ಕಣವ್ವ."

"ಆಗ್ಲಿ ಬಿಡು. ಅದನ್ನ ಕುಡ್ದದೆ ಅನ್ನೋರಿಲ್ವಲ್ಲ" ಎಂದರು ಅತ್ತೆ.

ಆಮೇಲೆ ತಮ್ಮ ತಟ್ಟೆಯ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಮಗನ ಬಾಯಿಯತ್ತ ಚಾಚಿದರು. ಕೈ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ನಾನು ಸ್ಪೂನ್ ತರಲು ಎದ್ದೆ. ಅಷ್ಟರಲ್ಲಿ ಅವನು ಆ ಕೈ ಹೋದ ಕಡೆಗೆಲ್ಲ ಬಾಯಿ ಕೊಂಡೊಯ್ದು, ಕರು ಕೆಚ್ಚಲು ಹುಡುಕಿದ ಹಾಗೆ, ತುತ್ತನ್ನು ಹಿಡಿದೇಬಿಟ್ಟ. ಕೈಗವಸು ಕಳಚಿ, ಅವ್ವನ ಮಣಿಕಟ್ಟಿಗೆ ಇಳಿದಿದ್ದ ಸಾರನ್ನು ಬರಿಗೈಯಲ್ಲಿ ಒರೆಸಿದ.

"ಕೈ ಆಗಲ್ಲ ಅಂತಿದ್ದೆಯಲ್ಲೋ?"

"ಔಷಧಿಗೆ ಆಗಲ್ಲ ಕಣವ್ವ. ನಂಗಾಗುತ್ತೆ."

ಹಾಗಾಗಿ ನನ್ನ ಸಲಹೆ ಕೇಳಿ. ದಾರಿಯಲ್ಲಿ ಯಾರಾದರೂ ತೂರಾಡಿದರೆ ಮೊದಲು ಕೈ ಕೊಡಿ, ಹೆಂಡದ ವಾಸನೆ ಆಮೇಲೆ ನೋಡಿದರಾಯಿತು. ಮನೆಯಲ್ಲಿ ಮದುವೆಗೆ ಮಗಳಿದ್ದರೆ, ಹುಡುಗನನ್ನು ಕಾಫಿ ತಟ್ಟೆಯ ಮುಂದೆ ಕೂರಿಸಿ ಅಳೆಯಬೇಡಿ. ಮುಂಚೆ ಹೇಳದೆ ಅವನ ಮನೆಗೇ ಹೋಗಿ, ತಾಯಿಯ ಜೊತೆ ಊಟಕ್ಕೆ ಕೂತಾಗ ನೋಡಿ. ನಮ್ಮ ಮನೆಯಲ್ಲಿ ಒಬ್ಬ ಇನ್ನೂ ಇದ್ದಾನೆ. ಯಾವಾಗ ಬೇಕಾದರೂ ಬನ್ನಿ. ಈ ಸರಕಿಗೆ ಮಾತ್ರ ಚೌಕಾಸಿ ಇಲ್ಲ.