ನವೆಂಬರ್ ಹನ್ನೆರಡರ ದಾನಿ

ಆಶ್ರಮದ ಮಕ್ಕಳಿಗೆ ಹುಟ್ಟುಹಬ್ಬ ಇರುವುದಿಲ್ಲ. ಹಳೇಬೀಡಿನಿಂದ ಹುಲಿಕೆರೆಗೆ ಹೋಗುವ ದಾರಿಯಲ್ಲಿರುವ ಕರುಣಾಂಕುರ ಬಾಲಾಶ್ರಮದ ಆಡಳಿತ ಮಂಡಳಿ ಸರ್ವಾನುಮತದಿಂದ ಒಪ್ಪಿಕೊಂಡಿರುವ ಸಂಗತಿ ಇದು. ಮಕ್ಕಳು ಹುಟ್ಟಿಯೇ ಇಲ್ಲ ಎಂದು ಇದರ ಅರ್ಥವಲ್ಲ. ಹುಟ್ಟಿದ್ದಾರೆ, ಆದರೆ ಅವರು ಇರುವುದು ಬೇರೆಯವರ ಹುಟ್ಟುಹಬ್ಬಕ್ಕೆ.

ಇಷ್ಟು ಸರಳವಾದ ವಿಷಯ ತಲೆಗೆ ಹೋಗಲು ಸಿಗ್ನೆಗೆ ಸ್ವಲ್ಪ ಕಾಲ ಹಿಡಿಯಿತು. ಡೆನ್ಮಾರ್ಕಿನ ಹುಡುಗಿ, ಬರುವ ಮೊದಲೇ ಒಂದಿಷ್ಟು ಕನ್ನಡ ಕಲಿತಿದ್ದಳು. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು, ತಲೆ ಬಾಚಿ, ಅಂಗಳ ಗುಡಿಸಿ ಸೇವೆ ಮಾಡೋಣವೆಂದು ಸ್ವಂತ ಖರ್ಚಿನಲ್ಲಿ ವಿಮಾನ ಹತ್ತಿ ಬಂದವಳು. ಮೊದಲ ದಿನವೇ ಪೊರಕೆ ಹಿಡಿದಳು. ಅಡುಗೆಯ ಗಿಡ್ಡಮ್ಮ ಓಡಿಬಂದು ಅದನ್ನು ಕಿತ್ತುಕೊಂಡಳು.

"ಬಿಡ್ರವ್ವಾ, ನೆಂಟ್ರ ಕೈಲಿ ಯಾರಾದ್ರೂ ಕಸ ಗುಡಿಸಿಸ್ತಾರಾ? ಕುಂತ್ಕಳಿ, ಕಾಪಿ ತತ್ತೀನಿ."

ಸೇವೆ ಮಾಡಲು ಬಂದವಳಿಗೆ ಹೀಗೆ ಸೇವೆ ಶುರುವಾಯಿತು. ದೊಡ್ಡ ಹುಡುಗಿ ಪ್ರತಿಮಾ ಅವಳಿಗೆ ಬಿಸಿನೀರು ಹೊತ್ತು ತರುವಳು, ಇನ್ನೊಬ್ಬಳು ಅವಳ ಬಟ್ಟೆ ಒಣಹಾಕುವಳು. ಇಂಗ್ಲಿಷ್ ಪಾಠಕ್ಕೆಂದು ಮಕ್ಕಳನ್ನು ಕೂರಿಸಿದರೆ ಅಷ್ಟರಲ್ಲಿ ಗೇಟಿನ ಮುಂದೆ ಕಾರು ನಿಲ್ಲುತ್ತಿತ್ತು. ಯಾರದೋ ಹುಟ್ಟುಹಬ್ಬ. ಮಕ್ಕಳು ಪುಸ್ತಕ ಮುಚ್ಚಿ, ಯಾರೂ ಹೇಳದೆಯೇ ಎದ್ದು, ಎತ್ತರದ ಪ್ರಕಾರ ಸಾಲಾಗಿ ಕೂರುತ್ತಿದ್ದರು.

ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು. ಯಾರೂ ಹುಟ್ಟದ ದಿನವಿದ್ದರೆ ಯಾರದಾದರೂ ಮದುವೆಯ ವಾರ್ಷಿಕೋತ್ಸವ. ಕೇಕು ತಿಂದೂ ತಿಂದೂ ಮಕ್ಕಳಿಗೆ ಕೇಕು ಕಂಡರೆ ವಾಕರಿಕೆ; ಮುದ್ದೆ ಉಪ್ಸಾರು ಮಾಡಿದ ದಿನ ಅವರಿಗೆ ಹಬ್ಬ. ಆದರೂ ದಾನಿಗಳು ಬಾಯಿಗಿಟ್ಟ ತುಂಡನ್ನು ಫೋಟೊ ಆಗುವವರೆಗೆ ಹಾಗೇ ಹಿಡಿದುಕೊಳ್ಳುವುದು ಅವರಿಗೆ ಚೆನ್ನಾಗಿ ರೂಢಿಯಾಗಿತ್ತು. ಸಿಗ್ನೆಯ ಕೆಲಸವನ್ನು ಕಾರ್ಯದರ್ಶಿ ಗೋಪಾಲಸ್ವಾಮಿಗಳು "ವಿದೇಶಿ ಉಪಸ್ಥಿತಿ" ಎಂದು ನಿಗದಿಪಡಿಸಿದ್ದರು. ಅಂದರೆ ದಾನಿಯ ಬಲಗಡೆ ನಿಂತು ನಗುವುದು. ಇವಳು ಬಂದ ಮೇಲೆ ತಾಲ್ಲೂಕಿನಲ್ಲಿ ಹುಟ್ಟುಹಬ್ಬಗಳೇ ಜಾಸ್ತಿಯಾದವು.

ಹೀಗಿರುವಾಗ ಮೂರನೇ ಕ್ಲಾಸಿನ ಸಮ್ಯಕ್ ಒಂದು ದಿನ ಅವಳ ಪಕ್ಕದಲ್ಲಿ ಬಂದು ಕೂತ.

"ಅಕ್ಕಾ, ನಂದು ನವೆಂಬರ್ ಹನ್ನೆರಡು."

"ಏನು ನಿಂದು?"

"ಹುಟ್ಟಿದ್ದು. ಅಮ್ಮ ಹೇಳ್ಕೊಟ್ಟಿತ್ತು. ಮರೀಬ್ಯಾಡ ಅಂದಿತ್ತು."

ಅಮ್ಮ ಅವನಿಗೆ ಬಿಟ್ಟುಹೋಗಿದ್ದು ಅದೊಂದೇ. ಹುಡುಗ ಅದನ್ನು ಮಗ್ಗಿಯಂತೆ ದಿನಾ ಹೇಳಿಕೊಂಡು ಕಾಪಾಡಿದ್ದ. ಅವನಿಗೆ ಕೇಕು ಬೇಕಿರಲಿಲ್ಲ, ಬಲೂನು ಬೇಕಿರಲಿಲ್ಲ. ಊರವರ ಹೆಸರನ್ನೆಲ್ಲ ಸೇರಿಸಿ ತಾನು ದಿನಾ ಹಾಡುವ ಆ ಹ್ಯಾಪಿ ಬರ್ತ್‌ಡೇ ಹಾಡಿನಲ್ಲಿ ಒಂದು ಸಲ ತನ್ನ ಹೆಸರು ಬರಬೇಕು, ಅಷ್ಟೇ. ಸಿಗ್ನೆ ಸೀದಾ ಕಾರ್ಯದರ್ಶಿಗಳ ಕೋಣೆಗೆ ಹೋದಳು.

ಗೋಪಾಲಸ್ವಾಮಿಗಳು ಕೆಟ್ಟವರಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನಿಯಮವಿಲ್ಲದ ಜಾಗದಲ್ಲಿ ಅವರಿಗೆ ಉಸಿರು ಕಟ್ಟುತ್ತಿತ್ತು.

"ಮಾಡ್ಬಹುದು ಮೇಡಂ. ದಾನಿ ಯಾರು?"

"ದಾನಿ ಇಲ್ಲ ಸರ್. ಸಮ್ಯಕ್‌ದೇ ಹುಟ್ಟುಹಬ್ಬ."

"ಹುಟ್ಟುಹಬ್ಬ ಯಾರದೋ ಅವರೇ ದಾನಿ. ಆಶ್ರಮದ ಮಗು ದಾನಿ ಆಗಕ್ಕೆ ಬರಲ್ಲ. ತನಗೆ ತಾನೇ ದಾನ ಮಾಡ್ಕೊಂಡ ಹಾಗಾಗತ್ತೆ."

ಸಿಗ್ನೆ ಅಲ್ಲಿಂದ ಏಳಲಿಲ್ಲ. ಕಣ್ಣಲ್ಲಿ ನೀರು ಬಂತು. ವಿದೇಶಿ ಉಪಸ್ಥಿತಿ ಅಳುವುದಕ್ಕೂ ನಿಯಮವಿರಲಿಲ್ಲವಾದ್ದರಿಂದ ಗೋಪಾಲಸ್ವಾಮಿಗಳು ಕಂಗಾಲಾಗಿ, ಕನ್ನಡಕ ತೆಗೆದು ಒರೆಸಿ, ಬಹಳ ಹೊತ್ತು ಯೋಚಿಸಿದರು.

"ಒಂದು ದಾರಿ ಇದೆ. ಅವನು ಹೊರಗಡೆಯಿಂದ ಬರಲಿ. ಗೇಟಿನ ಆಚೆಯಿಂದ ಬಂದವರು ಯಾರೇ ಆಗ್ಲಿ, ನಮಗೆ ದಾನಿಗಳೇ. ಹಂಚಲಿ, ಎರಡು ಹಿತವಚನ ಹೇಳಲಿ, ಶಾಲು ಹೊದೆಸ್ಕೊಳ್ಳಲಿ, ಹೊರಟುಹೋಗಲಿ."

"ತುಂಬಾ ಥ್ಯಾಂಕ್ಸ್ ಸರ್!"

"ತಾಳಿ. ಅವನು ದಾನಿಯಾದ್ರೆ ಮಕ್ಕಳ ಸಾಲಿನಲ್ಲಿ ಒಂದು ಜಾಗ ಖಾಲಿ ಬೀಳತ್ತೆ. ಫೋಟೊ ನೋಡಿ ಅಧ್ಯಕ್ಷರು ಕೇಳ್ತಾರೆ. ಅಲ್ಲಿಗೆ ಯಾರಾದ್ರೂ ಬೇಕಲ್ಲ." ಅವರ ದೃಷ್ಟಿ ಸಿಗ್ನೆಯ ಮೇಲೆ ನಿಂತಿತು. "ನಿಮಗೆ ತಂದೆತಾಯಿ?"

"ಇದ್ದಾರೆ, ಡೆನ್ಮಾರ್ಕಲ್ಲಿ."

"ಇಲ್ಲಿಲ್ಲವಲ್ಲ. ಸಾಕು."

ಹನ್ನೆರಡನೇ ತಾರೀಖು ಬೆಳಿಗ್ಗೆ ಸಮ್ಯಕ್‌ನನ್ನು ಸ್ನಾನ ಮಾಡಿಸಿ ಆಶ್ರಮದಿಂದ ಹೊರಗೆ ಕಳಿಸಲಾಯಿತು. ಆಟೋ ಕುಮಾರ ಅವನನ್ನು ಹತ್ತಿಸಿಕೊಂಡು ಹಳೇಬೀಡಿನ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಬೇಕರಿಯಲ್ಲಿ ಸಿಗ್ನೆ ಹೇಳಿಟ್ಟಿದ್ದ ಕೇಕು, ಬನ್ನುಗಳನ್ನು ಹಾಕಿಕೊಂಡು, ಕೆರೆ ಏರಿ ಸುತ್ತಿ ವಾಪಸು ಬಂದ. ಗೇಟಿನ ಮುಂದೆ ಎರಡು ಸಲ ಹಾರ್ನ್ ಹೊಡೆದ. ಗೋಪಾಲಸ್ವಾಮಿಗಳು ಕೈಮುಗಿದು ಎದುರು ಹೋದರು.

"ಬರಬೇಕು, ಬರಬೇಕು. ದಾರಿ ಸಿಕ್ತಾ?"

"ಸಿಕ್ತು," ಅಂದ ಸಮ್ಯಕ್.

ಸಿಗ್ನೆ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಎತ್ತರದ ಪ್ರಕಾರ ಕಟ್ಟಕಡೆಗೆ. ಹಾಡು ಶುರುವಾಯಿತು. ಸಮ್ಯಕ್‌ನ ಹೆಸರು ಬರುತ್ತಿದ್ದಂತೆ ಮಕ್ಕಳು ಅಂದು ಯಾವ ಶಾಸಕರಿಗೂ ಹಾಡದಷ್ಟು ಗಟ್ಟಿಯಾಗಿ ಹಾಡಿದರು. ದಾನಿ ಮೇಣದಬತ್ತಿ ಆರಿಸುವುದನ್ನೇ ಮರೆತು ನಿಂತುಬಿಟ್ಟ. ಸಿಗ್ನೆಗೆ ಈ ಒಂದು ಗಳಿಗೆಗೆ ಡೆನ್ಮಾರ್ಕಿನಿಂದ ಬಂದಿದ್ದು ಸಾರ್ಥಕ ಅನ್ನಿಸಿತು.

ಆಮೇಲೆ ಶಾಲು, ಪೇಟ. ಪೇಟ ಅವನ ಕಣ್ಣು ಮುಚ್ಚಿತು. ಅದನ್ನು ಮೇಲೆತ್ತಿಕೊಂಡು ಭಾಷಣ ಮಾಡಿದ, ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಮಕ್ಕಳೇ, ನೀವು ಅನಾಥರಲ್ಲ. ನಿಮ್ಮ ಜೊತೆ ನಾನಿದ್ದೇನೆ. ಚೆನ್ನಾಗಿ ಓದಿ ದೊಡ್ಡ ಮನುಷ್ಯರಾಗಬೇಕು. ನನಗೆ ಬೇರೆ ಕಾರ್ಯಕ್ರಮ ಇರುವುದರಿಂದ ಎರಡು ಮಾತಿಗೆ ಮುಗಿಸುತ್ತೇನೆ."

ಬನ್ನು ಹಂಚುತ್ತಾ ಸಿಗ್ನೆಯ ಮುಂದೆ ಬಂದ.

"ನಿನ್ನ ಹೆಸರೇನು ಪುಟ್ಟಿ?"

"ಸಿಗ್ನೆ."

"ಎಷ್ಟನೇ ಕ್ಲಾಸು?"

"ಓದು ಮುಗಿದಿದೆ."

"ಮುಗಿದ್ರೂ ಓದ್ಬೇಕು," ಎಂದು ತಲೆ ಸವರಿ ಬನ್ನು ಕೊಟ್ಟ. ಪಕ್ಕದಲ್ಲಿದ್ದ ಪ್ರತಿಮಾ ಅವಳನ್ನು ಮೊಣಕೈಯಿಂದ ತಿವಿದಳು. "ಥ್ಯಾಂಕ್ಯೂ ಅನ್ನಿ ಅಕ್ಕ, ಇಲ್ದಿದ್ರೆ ಬೈತಾರೆ."

"ಥ್ಯಾಂಕ್ಯೂ ಅಂಕಲ್," ಅಂದಳು ಸಿಗ್ನೆ.

ದಾನಿಯನ್ನು ಆಟೋದವರೆಗೆ ಬಿಟ್ಟು ಬರಲಾಯಿತು. ತಿರುವಿನಾಚೆ ಇಳಿದ ಸಮ್ಯಕ್ ನಡೆದುಕೊಂಡೇ ವಾಪಸು ಬಂದ. ದಾನಿಗಳು ಅದೇ ದಿನ ವಾಪಸು ಬಂದ ಉದಾಹರಣೆ ಇಲ್ಲದ್ದರಿಂದ ಗೋಪಾಲಸ್ವಾಮಿಗಳು ಗೇಟಿನಲ್ಲಿ ಸ್ವಲ್ಪ ತಡವರಿಸಿದರು. ಕಡೆಗೆ ಶಾಲು ಪೇಟಗಳನ್ನು ಮಡಿಸಿ ಇಸಕೊಂಡು, ಒಳಗೆ ಬಿಟ್ಟರು. ಅವು ಸಂಜೆಗೆ ಬೇಕಾಗಿದ್ದವು. ಬನ್ನು ಮುಗಿದಿತ್ತು. ಸಾಲಿನಲ್ಲಿ ಕೂತವರಿಗೆ ಮಾತ್ರ ಬನ್ನು ಎಂಬುದು ಅವನಿಗೂ ಗೊತ್ತಿದ್ದರಿಂದ ಕೇಳಲಿಲ್ಲ. ಸಿಗ್ನೆ ತನ್ನದರಲ್ಲಿ ಅರ್ಧ ಮುರಿದು ಕೊಟ್ಟಳು.

ಸಂಜೆ ಬೇಲೂರಿನ ಕಂಟ್ರಾಕ್ಟರ್ ಭೀಮರಾಜ್ ಅವರ ಹುಟ್ಟುಹಬ್ಬ. ಸಿಗ್ನೆ ದಾನಿಯ ಬಲಗಡೆ, ಸಮ್ಯಕ್ ಸಾಲಿನಲ್ಲಿ. ಅದೇ ಶಾಲು, ಅದೇ ಪೇಟ. ಭೀಮರಾಜ್ ಅವರ ತಲೆಗೆ ಪೇಟ ಸರಿಯಾಗಿ ಕೂತಿತು. ಕೇಕಿನ ತುಂಡು ಹಿಡಿದು ಬಂದ ಅವರು ಯಾಕೋ ಸಮ್ಯಕ್‌ನ ಮುಂದೆ ನಿಂತರು.

"ಏನ್ಲಾ ಮರಿ, ನಿಂದ್ಯಾವಾಗ್ಲಾ ಹುಟ್ಟಿದ್ ಹಬ್ಬ?"

"ಬೆಳಿಗ್ಗೆ ಬಂದಿದ್ದೆ ಸಾರ್. ಮಾಡ್ಕಂಡು ಹೋದೆ."

ಭೀಮರಾಜ್ ಮೆಚ್ಚಿ ತಲೆದೂಗಿದರು. "ಒಳ್ಳೇದು ಕಣ್ಲಾ. ಇಂಥಾ ಮಕ್ಕಳನ್ನ ಮರೀಬಾರ್ದು. ಹಿಂಗೇ ಆಗಾಗ ಬತ್ತಾ ಇರು."

"ಬತ್ತೀನಿ ಸಾರ್," ಅಂದ ಸಮ್ಯಕ್, ಫೋಟೊಗೆ ಬಾಯಿ ತೆರೆಯುತ್ತ.

ಎಲ್ಲರೂ ಚಪ್ಪಾಳೆ ತಟ್ಟಿದರು. ಸಿಗ್ನೆಯೂ ತಟ್ಟಿದಳು.