ಮೂವತ್ತನಾಲ್ಕು, ಬರ್ಕೋ ತಾಯಿ

ಆ ಅಂಗಡಿಯಲ್ಲಿ ಮೂವತ್ತು ವರ್ಷಗಳಿಂದ ಯಾರ ಸೊಂಟವೂ ದಪ್ಪವಾಗಿರಲಿಲ್ಲ. ಬಂದವರೆಲ್ಲ ಮೂವತ್ತೆರಡು, ಇಲ್ಲವೇ ಮೂವತ್ತನಾಲ್ಕು. ತೀರಾ ಕೈಮೀರಿದವರು ಮೂವತ್ತಾರು. ಬಸ್ಸಿನ ಸೀಟುಗಳು ವರ್ಷದಿಂದ ವರ್ಷಕ್ಕೆ ಯಾಕೆ ಕಿರಿದಾಗುತ್ತಿವೆ ಎಂದು ಗಿರಾಕಿಗಳು ತಲೆ ಕೆಡಿಸಿಕೊಳ್ಳುತ್ತಿದ್ದರೇ ಹೊರತು, ಟೇಪಿನ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಗುಟ್ಟು ಇಷ್ಟೇ. ಇಡೀ ಬೀದಿ ‘ಮಾಸ್ಟರ್’ ಎಂದು ಕರೆಯುವ ದರ್ಜಿ ಅಳತೆ ತೆಗೆದು ಕೂಗುತ್ತಿದ್ದರು, ಕಟ್ಟೆಯ ಹಿಂದೆ ಕೂತ ಹೆಂಡತಿ ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅಂಕಿಯ ಬಾಲಕ್ಕೆ ಬರೀ ‘ಬರ್ಕೋ’ ಅಂದರೆ ಇದ್ದದ್ದು ಇದ್ದ ಹಾಗೆ. ‘ಬರ್ಕೋಮ್ಮಾ’ ಅಂದರೆ ಎರಡಿಂಚು ಸೇರಿಸು. ‘ಬರ್ಕೋ ತಾಯಿ’ ಅಂದರೆ ನಾಲ್ಕು. ಹೆಂಡತಿಗೆ ಸಿಗುವ ಮರ್ಯಾದೆ ಏರಿದಷ್ಟೂ ಗಿರಾಕಿಯ ಸುತ್ತಳತೆ ಏರುತ್ತಿತ್ತು. ಎದುರು ಸಾಲಿನ ಔಷಧಿ ಅಂಗಡಿಯವರು ಬಂದು ಉಸಿರು ಬಿಗಿಹಿಡಿದು ನಿಂತರೆ ಮಾಸ್ಟರ್ ತಡಮಾಡದೆ, “ಮೂವತ್ತನಾಲ್ಕು, ಬರ್ಕೋ ತಾಯಿ” ಎನ್ನುತ್ತಿದ್ದರು. ಅವಳು ತಲೆ ಎತ್ತದೆ ಮೂವತ್ತೆಂಟು ಎಂದು ಬರೆಯುತ್ತಿದ್ದಳು. ಔಷಧಿ ಅಂಗಡಿಯವರು ಉಸಿರು ಬಿಟ್ಟು, ಮೀಸೆ ತಿರುವಿ, ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದರು. ಆ ಕನ್ನಡಿಯ ಬುಡವನ್ನು ಒಂದು ಇಟ್ಟಿಗೆ ಇಟ್ಟು ಎರಡಿಂಚು ಮುಂದಕ್ಕೆ ತಳ್ಳಲಾಗಿತ್ತು. ಅದರೊಳಗೆ ಎಲ್ಲರೂ ಎತ್ತರ, ಎಲ್ಲರೂ ಸಪೂರ. (ಇದಕ್ಕೆ ಸುಳ್ಳು ಎನ್ನಬಾರದಂತೆ. ಫಿಟಿಂಗ್ ಎನ್ನಬೇಕಂತೆ.)

ಹೀಗಿದ್ದ ಮಾಸ್ಟರಿಗೆ ತಮ್ಮ ಮೈಯಲ್ಲೇ ಫಿಟಿಂಗ್ ಕೆಟ್ಟಿತು. ಎರಡು ವರ್ಷದ ಹಿಂದೆ ಡಾಕ್ಟರೊಬ್ಬರು ಸಕ್ಕರೆ ಕಾಯಿಲೆಯ ಹೆಸರು ಹೇಳಿ ಹೆದರಿಸಿದ್ದರು. ಮಾಸ್ಟರ್ ನಡೆದರು, ಹಸಿದರು, ಊಟದ ಹೊತ್ತಿಗೆ ಹೆಂಡತಿಯ ಮೇಲೆ ರೇಗಿದರು, ಇಪ್ಪತ್ತೆರಡು ಕಿಲೋ ಇಳಿದರು. ತೂಕ ಹೋಯಿತು, ಚರ್ಮ ಹೋಗಲಿಲ್ಲ. ಸಾಮಾನು ಖಾಲಿಯಾದ ಚೀಲದಂತೆ ಅದು ಹೊಟ್ಟೆಯ ಕೆಳಗೆ ಮಡಿಕೆ ಮಡಿಕೆಯಾಗಿ ಜೋತುಬಿತ್ತು. ಬೇರೆ ಯಾರೇ ಆಗಿದ್ದರೂ ಷುಗರ್ ಇಳಿಯಿತಲ್ಲ ಎಂದು ನೆಮ್ಮದಿಯಾಗಿರುತ್ತಿದ್ದರು. ಇವರು ದರ್ಜಿ. ಕನ್ನಡಿಯೆದುರು ನಿಂತು ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು, ಗುಂಡುಸೂಜಿ ಹಾಕುವವರ ಗಾಂಭೀರ್ಯದಲ್ಲಿ ಹೇಳಿದರು:

“ಐದಿಂಚು ಜಾಸ್ತಿ ಇದೆ.”

“ಏನು?” ಅಂದಳು ಹೆಂಡತಿ.

“ಬಟ್ಟೆ.”

“ಇದ್ರೆ ಇರ್ಲಿ ಬಿಡಿ. ಯಾರು ನೋಡ್ತಾರೆ?”

“ಊರವರ ಹೊಟ್ಟೆ ಅಳೆಯೋನು ನಾನು. ನಂದೇ ಹೀಗೆ ಜೋತಾಡ್ತಿದ್ರೆ ಗಿರಾಕಿ ಏನಂದ್ಕೋಬೇಕು?”

“ಗಿರಾಕಿಗೆ ಅವನ ಹೊಟ್ಟೆನೇ ಕಾಣ್ಸಲ್ಲ, ನಿಮ್ಮದು ಎಲ್ಲಿಂದ ಕಾಣ್ಸುತ್ತೆ? ಕಾಣ್ಸಿದ್ರೆ ನಮ್ಮ ಅಂಗಡಿ ಎಂದೋ ಮುಚ್ಚಿರ್ತಿತ್ತು.”

ಮಾಸ್ಟರ್ ಕೇಳುವ ಸ್ಥಿತಿಯಲ್ಲಿರಲಿಲ್ಲ. ದರ್ಜಿಗಳ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬುವುದಿತ್ತು, ಅವರೇ ಅಧ್ಯಕ್ಷರು. ಆ ಕಾರ್ಯಕ್ರಮದಲ್ಲಿ ತೆಗೆಯುವ ಫೋಟೋ ಸಂಘದ ಗೋಡೆಯ ಮೇಲೆ ಶಾಶ್ವತವಾಗಿ ಕೂರಲಿತ್ತು. ವರ್ಷಗಟ್ಟಲೆ ಜೋಪಾನ ಮಾಡಿದ್ದ ಬೂದು ಬಣ್ಣದ ಬಟ್ಟೆಯನ್ನು ಮಾಸ್ಟರ್ ಹೊರತೆಗೆದರು. ಅಂಗಡಿ ತೆರೆದ ವರ್ಷ ತಮ್ಮ ಸೊಂಟ ಎಷ್ಟಿತ್ತೋ ಅಷ್ಟಕ್ಕೇ, ಅಪ್ಪಟ ಮೂವತ್ತನಾಲ್ಕಕ್ಕೆ, ಪ್ಯಾಂಟು ಕತ್ತರಿಸಿದರು. ಹೆಂಡತಿ ಅದನ್ನು ತಿರುವಿ ಒಳಹೊಲಿಗೆ ನೋಡಿದಳು.

“ಮಾರ್ಜಿನ್ನೇ ಬಿಟ್ಟಿಲ್ಲವಲ್ರೀ. ನಾಳೆ ಬಿಚ್ಚಿ ಸಡಿಲ ಮಾಡ್ಬೇಕು ಅಂದ್ರೆ ಕಾಲಿಂಚು ಬಟ್ಟೆ ಇಲ್ಲ.”

“ಮಾರ್ಜಿನ್ ಬಿಡೋದು ನಂಬಿಕೆ ಇಲ್ದೋರು.”

ಪ್ಯಾಂಟನ್ನು ಗಾಜಿನ ಹಿಂದೆ ತೂಗುಹಾಕಿ, ‘ಮಾಸ್ಟರ್ ಸ್ವಂತಕ್ಕೆ’ ಎಂದು ಚೀಟಿ ಅಂಟಿಸಿದರು. ಬೀದಿಗೆ ಬೀದಿಯೇ ನಿಂತು ಓದಿತು. ಔಷಧಿ ಅಂಗಡಿಯವರಿಗಂತೂ ಬಣ್ಣ ಹಿಡಿಸಿಬಿಟ್ಟಿತು. “ಅದೇ ಬಟ್ಟೇಲಿ ನನಗೂ ಒಂದು ಹಾಕಿ ಮಾಸ್ಟರ್. ಅಳತೆ ಹೇಗೂ ನಿಮ್ಮ ಪುಸ್ತಕದಲ್ಲಿದೆ” ಅಂದರು.

ಇನ್ನು ಉಳಿದದ್ದು ಹೊಟ್ಟೆಯ ಆಲ್ಟ್ರೇಷನ್ ಮಾಡುವವರನ್ನು ಹುಡುಕುವ ಕೆಲಸ.

ಮೊದಲು ಹೋದ ಕಡೆ ನೆಲದಲ್ಲಿ ಮುಖ ಕಾಣುತ್ತಿತ್ತು. ಡಾಕ್ಟರು ಕಾಣಲಿಲ್ಲ, ಕೋಟು ತೊಟ್ಟ ಹುಡುಗಿಯೊಬ್ಬಳು ಬಂದು ಫೋಟೋಗಳ ಆಲ್ಬಂ ತೆರೆದಳು. ಎಡಕ್ಕೆ ‘ಮೊದಲು’, ಬಲಕ್ಕೆ ‘ಆಮೇಲೆ’. ಮಾಸ್ಟರ್ ಕನ್ನಡಕ ಏರಿಸಿದರು.

“ಇಲ್ಲಿ ಚಡ್ಡಿ ಹೊಕ್ಕುಳಿನ ಕೆಳಗಿದೆ, ಇಲ್ಲಿ ಮೂರಿಂಚು ಮೇಲಕ್ಕೆ ಎಳೆದಿದ್ದೀರಿ” ಅಂದರು. “ಇಲ್ಲಿ ಉಸಿರು ಬಿಟ್ಟಿದ್ದಾನೆ, ಇಲ್ಲಿ ಹಿಡಿದಿದ್ದಾನೆ. ಇನ್ನು ಈ ಮಹಾಶಯನ ಅಂಗಿ ಜೇಬು ಎಡಗಡೆಯಿಂದ ಬಲಗಡೆಗೆ ಬಂದಿದೆ. ಹೊಟ್ಟೆ ಕರಗಿಸೋವಾಗ ಜೇಬೂ ಕಿತ್ತು ಹೊಲಿದ್ರಾ?”

ಹುಡುಗಿ ಆಲ್ಬಂ ಮುಚ್ಚಿ ಮುಗುಳ್ನಕ್ಕು ಹೆಂಡತಿಯ ಕಡೆ ತಿರುಗಿದಳು. “ಮೇಡಂ, ನಿಮ್ಮ ತೋಳಿಗೂ ನಮ್ಮಲ್ಲಿ ಚಿಕಿತ್ಸೆ ಇದೆ.”

ಐವತ್ತೆರಡು ವರ್ಷ ಆ ಹೆಂಗಸು ತೋಳುಗಳಿಂದ ಕೆಲಸ ತೆಗೆದಿದ್ದಳೇ ಹೊರತು ಅವುಗಳ ಬಗ್ಗೆ ಯೋಚಿಸಿದವಳಲ್ಲ. ಇಂಥ ಕಡೆ ಮೊದಲು ಮಾರುವುದು ನಾಚಿಕೆಯನ್ನು; ಚಿಕಿತ್ಸೆ ಆಮೇಲಿನ ಮಾತು. ನಾಚಿಕೆಗೆ ಬಿಲ್ಲು ಹಾಕುವುದಿಲ್ಲ, ಬಾಗಿಲಲ್ಲೇ ಉಚಿತವಾಗಿ ಕೊಟ್ಟು ಕಳಿಸುತ್ತಾರೆ. ಅವಳು ಮನೆವರೆಗೂ ಕೈಕಟ್ಟಿಕೊಂಡೇ ನಡೆದಳು.

ಮಾಸ್ಟರ್ ದಾರಿಯುದ್ದಕ್ಕೂ ಕಿಡಿಕಾರಿದರು. “ಕಣ್ಣಿಗೆ ಮಣ್ಣೆರಚೋದಕ್ಕೂ ಒಂದು ಮಿತಿ ಬೇಡ್ವಾ? ನಂಬಿ ಬಂದೋರಿಗೆ ಇಲ್ಲದ್ದನ್ನ ತೋರ್ಸೋದಾ?”

“ನಿಜ” ಅಂದಳು ಹೆಂಡತಿ. “ಅಂದ ಹಾಗೆ, ನಮ್ಮ ಕನ್ನಡಿ ಬುಡದ ಇಟ್ಟಿಗೆ ಜರುಗಿದೆ. ಬೆಳಿಗ್ಗೆ ನೆಟ್ಟಗೆ ಇಡ್ಬೇಕು.”

ಮಾಸ್ಟರ್ ಹೆಜ್ಜೆ ಚುರುಕು ಮಾಡಿದರು.

ಎರಡನೆಯ ಡಾಕ್ಟರು ಹೊಟ್ಟೆಯ ಜೊತೆಗೆ ಗಲ್ಲದ ಕೆಳಗಿನದನ್ನು ಉಚಿತವಾಗಿ ತೆಗೆದುಕೊಡುವುದಾಗಿ ಹೇಳಿದರು, ಈ ತಿಂಗಳ ಕೊನೆಯವರೆಗೆ ಮಾತ್ರ. ಉಚಿತವಾಗಿ ಹೊಲಿದದ್ದು ಹೇಗಿರುತ್ತದೆಂದು ಮಾಸ್ಟರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎದ್ದು ಬಂದರು.

ಮೂರನೆಯವರು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿದ್ದರು. ಸುಸ್ತಾದ ಮುಖದ ಹೆಂಗಸು, ತೋಳಿನ ಒಂದು ಗುಂಡಿ ಸಡಿಲ. ಆಲ್ಬಂ ಇರಲಿಲ್ಲ. ಮಾಸ್ಟರ್ ಜೇಬಿನಿಂದ ಅಂಗೈಯಗಲದ ಒಂದು ಬಟ್ಟೆ ತುಂಡು ತೆಗೆದು ಮೇಜಿನ ಮೇಲಿಟ್ಟರು.

“ಡಾಕ್ಟ್ರೇ, ಒಂದು ಹೊಲಿಗೆ ಹಾಕಿ ತೋರಿಸ್ತೀರಾ?”

ಹೆಂಡತಿ ನೆಲ ನೋಡಿದಳು. ಡಾಕ್ಟರು ಮಾಸ್ಟರನ್ನೇ ಒಂದು ಗಳಿಗೆ ನೋಡಿ, ಡ್ರಾಯರಿನಿಂದ ಕೊಕ್ಕೆಯಂಥ ಸೂಜಿ ತೆಗೆದು, ತುಂಡನ್ನು ಮಡಚಿ ಹೊಲಿದುಕೊಟ್ಟರು. ಮಾಸ್ಟರ್ ಮೇಲ್ಮೈ ನೋಡಲೇ ಇಲ್ಲ. ತಿರುವಿ ಒಳಮೈ ನೋಡಿದರು, ಎಳೆದು ನೋಡಿದರು, ಬೆಳಕಿಗೆ ಹಿಡಿದರು. ದಾರ ಎಲ್ಲಿ ಹೊಕ್ಕಿತು, ಎಲ್ಲಿ ಹೊರಟಿತು ಎಂದು ಮೂವತ್ತು ವರ್ಷ ಪಳಗಿದ ಕಣ್ಣಿಗೂ ಸಿಗಲಿಲ್ಲ.

ಡಾಕ್ಟರು ಆಗ ಬಹಳ ವಿಷಯ ಹೇಳಿದರು. ಗಾಯದ ಗೆರೆ ಈ ಸೊಂಟದಿಂದ ಆ ಸೊಂಟದವರೆಗೆ ಇರುತ್ತೆ, ಮಾಸುತ್ತೆ, ಹೋಗಲ್ಲ. ಕೆಲವು ವಾರ ಬಗ್ಗಿ ನಡೀಬೇಕು, ಭಾರ ಎತ್ತಬಾರದು. ಊತ ಇಳಿಯೋಕೆ ಮೂರು ತಿಂಗಳೂ ಆಗಬಹುದು, ಆರೂ ಆಗಬಹುದು. “ಸೊಂಟ ಎಷ್ಟಾಗುತ್ತೆ ಅಂತ ಮಾತ್ರ ನನ್ನ ಕೇಳಬೇಡಿ. ಅಂಕಿ ಕೊಡೋ ಕೆಲಸ ನಂದಲ್ಲ.”

“ಒಳಗೆ ಎರಡು ಪದರ ಹೊಲಿತೀರಾ?” ಎಂದು ಕೇಳಿದರು ಮಾಸ್ಟರ್, ತುಂಡನ್ನು ಇನ್ನೂ ಬೆಳಕಿಗೆ ಹಿಡಿದುಕೊಂಡೇ.

ಊರಲ್ಲೇ ನಿಜ ಹೇಳುವ ಒಬ್ಬ ಡಾಕ್ಟರನ್ನು ಮಾಸ್ಟರ್ ಆರಿಸಿಕೊಂಡರು. ಆಕೆ ಹೇಳಿದ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಶಸ್ತ್ರಚಿಕಿತ್ಸೆ ಸಾಂಗವಾಯಿತು. ಅದಕ್ಕೆ ಮುಂಚೆ ಹೊಟ್ಟೆಯ ಮೇಲೆ ನೀಲಿ ಪೆನ್ನಿನಿಂದ ಗುರುತು ಹಾಕುವಾಗ ಮಾಸ್ಟರ್, “ಎಡಗಡೆ ಕಾಲಿಂಚು ಕೆಳಗಿದೆ ಡಾಕ್ಟ್ರೇ” ಅಂದರಂತೆ. ಡಾಕ್ಟರು ಬಗ್ಗಿ ನೋಡಿ, ಒರೆಸಿ, ಮತ್ತೆ ಎಳೆದರಂತೆ. ಈ ಒಂದು ಸಂಗತಿಯನ್ನು ಮಾಸ್ಟರ್ ನೋಡಲು ಬಂದವರಿಗೆಲ್ಲ ಹೇಳಿದರು. ಔಷಧಿ ಚೀಟಿ ಎದುರು ಅಂಗಡಿಗೇ ಹೋಗಿದ್ದರಿಂದ ನೋಡಲು ಬರದವರು ಕಡಿಮೆ.

ಮನೆಯಲ್ಲಿ ಮಾಸ್ಟರ್ ಬಿದ್ದದ್ದನ್ನು ಹುಡುಕುವವರ ಹಾಗೆ ಬಗ್ಗಿಕೊಂಡು ಓಡಾಡಿದರು. ಮಂಡಿಯ ಕೆಳಗೆ ದಿಂಬು, ಪಕ್ಕೆಯಲ್ಲಿ ಎರಡು ಸಣ್ಣ ಕೊಳವೆ. ಕೊಳವೆಯ ತುದಿಯ ಬುಡ್ಡಿಯಲ್ಲಿ ಇಳಿದ ನೀರನ್ನು ಹೆಂಡತಿ ದಿನಕ್ಕೆ ಎರಡು ಸಲ ಅಳೆದು ಅದೇ ಉದ್ದನೆಯ ಪುಸ್ತಕದಲ್ಲಿ ಬರೆದಳು.

“ಎಷ್ಟಿದೆ?” ಎಂದು ಇವರು ಕೇಳಿದರೆ, “ಚೆನ್ನಾಗಿ ಇಳೀತಿದೆ” ಅನ್ನುತ್ತಿದ್ದಳು. ಪುಸ್ತಕವನ್ನು ಡಾಕ್ಟರಿಗೆ ಮಾತ್ರ ತೋರಿಸಿದಳು.

ಕೆಮ್ಮಬಾರದು, ಸೀನಬಾರದು, ಮುಖ್ಯವಾಗಿ ನಗಬಾರದು. ಅದೇ ಹೊತ್ತಿಗೆ ಮಾಸ್ಟರ ತಾಯಿ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

“ಕತ್ತರಿಸಿದ ತುಂಡನ್ನ ವಾಪಸ್ ಕೊಟ್ರೇನೋ?”

“ಇಲ್ಲಮ್ಮ.”

“ಅದ್ಯಾವ ನ್ಯಾಯ? ಉಳಿದ ಬಟ್ಟೆ ಗಿರಾಕಿದಲ್ವಾ? ನೀನು ಕೊಡಲ್ವಾ?”

“ಇವ್ರು ಯಾವತ್ತು ಕೊಟ್ಟಿದ್ದಾರೆ ಅತ್ತೆ?” ಅಂದಳು ಹೆಂಡತಿ, ಬುಡ್ಡಿ ಖಾಲಿ ಮಾಡುತ್ತ. “ನಿಮ್ಮ ದಿಂಬಿನ ಚೀಲ ಬ್ಯಾಂಕಿನವರ ಪ್ಯಾಂಟು. ಬಾಗಿಲ ಪರದೆ ಸ್ಕೂಲ್ ಮೇಷ್ಟ್ರ ಅಂಗಿ.”

ಮಾಸ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಡಿದುಕೊಂಡದ್ದು ನಗುವಿಗಲ್ಲ. ಕಣ್ಣಲ್ಲಿ ನೀರು ಬಂತು, ತಾಯಿ ಪಶ್ಚಾತ್ತಾಪ ಅಂದುಕೊಂಡರು.

ಐದನೆಯ ವಾರ ದುರಾಲೋಚನೆ ಹುಟ್ಟಿತು. ಹಗಲೂ ರಾತ್ರಿ ಹೊಟ್ಟೆಗೆ ಬಿಗಿಯುವ ಅಗಲದ ಪಟ್ಟಿಯೊಂದನ್ನು ಡಾಕ್ಟರು ಕೊಟ್ಟಿದ್ದರು. ಅದರ ಹೊಲಿಗೆ ಮಾಸ್ಟರಿಗೆ ಮೊದಲ ದಿನವೇ ಹಿಡಿಸಿರಲಿಲ್ಲ. ಊತ ಇಳಿಯುತ್ತಿಲ್ಲ, ಕಾರ್ಯಕ್ರಮ ಹತ್ತಿರ ಬರುತ್ತಿದೆ, ದೋಷ ಇನ್ನೆಲ್ಲಿರಲು ಸಾಧ್ಯ? ಹೆಂಡತಿ ಅಂಗಡಿಗೆ ಹೋದಾಗ ಮನೆಯ ಹಳೇ ಮಷೀನಿನ ಮುಂದೆ ಬಗ್ಗಿ ಕೂತು ಪಟ್ಟಿಯನ್ನು ಎರಡೂವರೆ ಇಂಚು ಒಳಕ್ಕೆ ಹಿಡಿದು, ಎರಡು ಸಾಲು ಹೊಲಿದು ತೊಟ್ಟರು. ಹೊಟ್ಟೆ ಮಾಯವಾಯಿತು. ಅದು ಎದೆಯ ಕೆಳಗೊಂದು, ತೊಡೆಯ ಮೇಲೊಂದು ದಿಂಬಾಗಿ ಹೊರಬಂದಿತ್ತು. ಹೆಂಡತಿ ಬಂದಾಗ ಇವರು ಗೋಡೆ ಹಿಡಿದು ಮೀನಿನಂತೆ ಬಾಯಿ ಬಿಡುತ್ತಿದ್ದರು.

ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಅವಳು ಅಲ್ಲೇ ಬಿಚ್ಚಿ, ಆಟೋ ಹತ್ತಿಸಿ ಕರೆದೊಯ್ದಳು. ಡಾಕ್ಟರು ಪರೀಕ್ಷೆ ಮಾಡಿ, ಪಟ್ಟಿಯನ್ನು ತಿರುವಿ ಒಳಮೈ ನೋಡಿದರು.

“ಯಾರು ಹೊಲಿದದ್ದು?”

“ನಾನೇ.”

“ಹೊಲಿಗೆ ಚೆನ್ನಾಗಿದೆ. ಇನ್ನೊಂದ್ಸಲ ಮುಟ್ಟಿದ್ರೆ ಹೊಸ ಡಾಕ್ಟರನ್ನ ಹುಡುಕ್ಕೊಳ್ಳಿ.”

ಹೊಗಳಿದ ಭಾಗವನ್ನು ಮಾತ್ರ ಮಾಸ್ಟರ್ ತಾಯಿಗೆ ವರದಿ ಮಾಡಿದರು.

ಹತ್ತನೆಯ ವಾರ, ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ, ಮಾಸ್ಟರ್ ಮೊದಲ ಸಲ ಅಂಗಡಿಗೆ ಬಂದರು. ಬೆನ್ನು ನೆಟ್ಟಗಿತ್ತು. ಮುಂದೆ ಜೋತಾಡುವುದು ಏನೂ ಇರಲಿಲ್ಲ, ಅದು ಸುಳ್ಳಲ್ಲ. ಔಷಧಿ ಅಂಗಡಿಯವರು ಸ್ಟೂಲಿನ ಮೇಲೆ ಕೂತಿದ್ದರು. ಅವರ ಬೂದು ಪ್ಯಾಂಟು ಹೆಂಡತಿಯ ಕೈಯಲ್ಲಿ ತಯಾರಾಗಿ, ಇಸ್ತ್ರಿಯಾಗಿ ಕಟ್ಟೆಯ ಮೇಲೆ ಮಡಚಿ ಕೂತಿತ್ತು.

ಮಾಸ್ಟರ್ ಗಾಜಿನ ಹಿಂದಿನ ತಮ್ಮ ಪ್ಯಾಂಟನ್ನು ಒಮ್ಮೆ ನೋಡಿದರು. “ಅಳೆ” ಅಂದರು.

“ಸಂಜೆ ಮನೇಲಿ ಅಳೆಯೋಣ.”

“ಮನೇಲಿ ಯಾಕೆ? ಇಲ್ಲೇ ಅಳೆ, ಸಾರ್ ಕೂಡ ನೋಡ್ಲಿ. ಪುಸ್ತಕ ನನ್ನ ಕೈಲಿ ಕೊಡು, ಇವತ್ತು ಬರೆಯೋನು ನಾನು.”

ಅವಳು ಟೇಪು ಸುತ್ತಿದಳು, ಇವರೇ ಕಲಿಸಿದ ಹಾಗೆ ಒಳಗೆ ಎರಡು ಬೆರಳು ಇಟ್ಟು. ಟೇಪು ನೋಡಿದಳು. ಔಷಧಿ ಅಂಗಡಿಯವರನ್ನು ನೋಡಿದಳು. ಗಂಡನ ಮುಖ ನೋಡಿದಳು. ಮೂವತ್ತು ವರ್ಷ ಆ ಟೇಪಿನ ಮುಂದೆ ಉಸಿರು ಬಿಗಿಹಿಡಿದು ನಿಂತ ಗಿರಾಕಿಗಳ ಮುಖವೇ ಅಲ್ಲಿತ್ತು.

“ಮೂವತ್ತನಾಲ್ಕು” ಅಂದಳು.

ಮಾಸ್ಟರ್ ಸಂತೋಷದಿಂದ ಉಬ್ಬಿದರು. (ಊತ ಸಾಲದ್ದಕ್ಕೆ.)

“ಬರ್ಕೊಳ್ಳಿ ತಂದೇ.”

ಮದುವೆಯಾದಾಗಿನಿಂದ ಅವಳು ಅವರನ್ನು ‘ರೀ’ ಎಂದಲ್ಲದೆ ಬೇರೆ ಕರೆದವಳಲ್ಲ. ಮಾಸ್ಟರಿಗೆ ಅದು ಹೊಳೆಯುವಷ್ಟರಲ್ಲಿ ತಡವಾಗಿತ್ತು. ಕಿವಿ ಕೇಳಿದ್ದನ್ನು ಕೈ ತನ್ನಷ್ಟಕ್ಕೆ ಬರೆದುಬಿಟ್ಟಿತ್ತು, ದುಂಡಗೆ, ಸ್ಪಷ್ಟವಾಗಿ: ಮೂವತ್ತೆಂಟು.

ಅವರು ಪುಸ್ತಕ ಮುಚ್ಚಿದರು.

“ಮೂವತ್ತನಾಲ್ಕಾ?” ಔಷಧಿ ಅಂಗಡಿಯವರು ಎದ್ದು ನಿಂತು ತಮ್ಮ ಹೊಟ್ಟೆ ತಟ್ಟಿಕೊಂಡರು. “ಅಂದ್ರೆ ನಾನೂ ನೀವೂ ಒಂದೇ. ನಾನಂತೂ ಕತ್ತಿ ಮುಟ್ಟಿಸ್ದೇನೇ ಮೂವತ್ತನಾಲ್ಕು. ಎಲ್ಲಿ, ನನ್ನ ಪ್ಯಾಂಟು ಕೊಡಿ.”

ಹೆಂಡತಿ ಕಟ್ಟೆಯ ಮೇಲಿನ ಆ ಮೂವತ್ತೆಂಟರ ಪ್ಯಾಂಟನ್ನು ಮೆಲ್ಲಗೆ ಕೆಳಗಿನ ಖಾನೆಗೆ ಸರಿಸಿದಳು. “ನಿಮ್ಮದಕ್ಕೆ ಇನ್ನೂ ಗುಂಡಿ-ಕಾಜಾ ಆಗಿಲ್ಲ ಸಾರ್. ಸಂಘದ ಕಾರ್ಯಕ್ರಮ ಮುಗೀಲಿ, ಮಾರನೇ ದಿನ ಕೊಡ್ತೀವಿ.”

“ಆಗ್ಲಿ, ಅವಸರ ಏನಿಲ್ಲ. ಆದ್ರೂ ನೋಡಿ, ಒಂದೇ ಅಳತೆ. ಅಲ್ವಾ ಮಾಸ್ಟರ್?”

ಮಾಸ್ಟರ್ ಹೆಂಡತಿಯ ಕಡೆ ನೋಡಿದರು. ಅವಳು ಕನ್ನಡಿಯ ಬುಡದ ಇಟ್ಟಿಗೆ ಸರಿಮಾಡುತ್ತಿದ್ದಳು.

“ಹೌದು ಸಾರ್” ಅಂದರು. “ಒಂದೇ ಅಳತೆ.”

ಸೊಂಟದ ವಿಚಾರದಲ್ಲಿ ಆ ಅಂಗಡಿಯಿಂದ ಗಿರಾಕಿಯೊಬ್ಬನ ಕಿವಿಗೆ ಬಿದ್ದ ಮೊದಲ ನಿಜ ಅದು.